ಸೈಫೆನ್‌ಗೆ ಹೋಗುವುದಾದರೆ ಡಿಸೆಂಬರ್ ಶನಿವಾರ ಬೇಡ

ಬಾಯಿಗೆ ಅಕ್ರೋಟ್ ಇಟ್ಟು ಕಟಕ್ಕನೆ ಒಡೆಯುವ ಮರದ ಸಿಪಾಯಿ ಗೊಂಬೆ ನೋಡಿದ್ದೀರಲ್ವಾ? ಇವತ್ತು ನಾವು ನೋಡುವ ರೂಪ ಅದಕ್ಕೆ ಬಂದದ್ದು 1870ರ ಸುಮಾರಿಗೆ, ಸೈಫೆನ್ ಎಂಬ ಊರಿನ ವಿಲ್‌ಹೆಲ್ಮ್ ಫ್ಯೂಖ್ಟ್‌ನರ್ ಕೈಯಲ್ಲಿ. ಈ ಊರು ಜರ್ಮನಿಯ ಸ್ಯಾಕ್ಸನಿ ರಾಜ್ಯದಲ್ಲಿ, ಚೆಕ್ ಗಡಿಯ ಪಕ್ಕ, ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳ ನಡುವೆ ಇದೆ. ಎರ್ಟ್ಸ್‌ಗೆಬಿರ್ಗೆ ಅಂದರೆ ಅದಿರಿನ ಬೆಟ್ಟ ಅಂತಲೇ ಅರ್ಥ.

ಊರಿಗೆ ರೈಲಿಲ್ಲ. ಕೆಮ್ನಿಟ್ಸ್‌ನಿಂದ ಫ್ಲೋಹಾ ಕಣಿವೆಯ ರೈಲು ಹಿಡಿದು ಓಲ್ಬರ್ನ್‌ಹಾವ್‌ಗೆ ಬನ್ನಿ, ಅಲ್ಲಿಂದ ಬಸ್. ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಸ್ಥಳೀಯ ರೈಲು, ಬಸ್ಸುಗಳಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದರೆ ಎರಡಕ್ಕೂ ಬೇರೆ ದುಡ್ಡು ಬೇಡ. ಕಿಟಕಿ ಪಕ್ಕ ಸೀಟು ಹಿಡಿಯಿರಿ, ದಾರಿ ಚೆನ್ನಾಗಿದೆ. ಆದರೆ ವಾಪಸ್ ಬಸ್ಸಿನ ಸಮಯ ಊರಿಗೆ ಇಳಿದ ಕೂಡಲೇ ಫೋಟೋ ತೆಗೆದುಕೊಳ್ಳಿ. ವಾರಾಂತ್ಯದಲ್ಲಿ ಬಸ್ಸು ಕಡಿಮೆ. ನಾನು ಎರಡೇ ನಿಮಿಷ ತಡವಾಗಿ ಬಂದು, ಮುಂದಿನ ಬಸ್ಸಿಗಾಗಿ ಚಳಿಯಲ್ಲಿ ನಡುಗುತ್ತಾ ಕೂತಿದ್ದೆ.

ಅಂಗಡಿಗಳಿಗೆ ನುಗ್ಗುವ ಮೊದಲು ಊರಿನ ಕಥೆ ಸ್ವಲ್ಪ ತಿಳಿದಿರಲಿ, ಆಗ ನೋಡುವುದಕ್ಕೆ ರುಚಿ ಜಾಸ್ತಿ. ತೊರೆಯ ಮಣ್ಣು ತೊಳೆದು ತವರದ ಅದಿರು ತೆಗೆಯುವ ಕೆಲಸದಿಂದಲೇ ಊರಿಗೆ ಈ ಹೆಸರು. 1324ರ ದಾಖಲೆಯಲ್ಲೇ ಅದು ಸಿಗುತ್ತದೆ. ಆಮೇಲೆ ಬೆಟ್ಟವನ್ನೇ ಅಗೆದರು. ಗಣಿ ಕುಸಿದು ಆದ ದೊಡ್ಡ ಗುಂಡಿಗಳು ಈಗಲೂ ಊರಲ್ಲೇ ಇವೆ. ತವರ ಮುಗಿಯುತ್ತಾ ಬಂದಂತೆ ಗಣಿಯವರ ಮನೆಗಳಲ್ಲಿ ಲೇತ್, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ತಿರುಗತೊಡಗಿತು. ಮರ ಸುತ್ತಲೂ ಬೇಕಾದಷ್ಟಿತ್ತು, ಅದಿರು ಕುಟ್ಟುತ್ತಿದ್ದ ನೀರಿನ ಚಕ್ರವೂ ಇತ್ತು. ಮೊದಲು ಕಡೆದದ್ದು ತಟ್ಟೆ, ಅಂಗಿಯ ಗುಂಡಿ, ಆಮೇಲೆ ಆಟಿಕೆ. 19ನೇ ಶತಮಾನದ ನಡುವಿನ ಹೊತ್ತಿಗೆ ಗಣಿ ಪೂರ್ತಿ ನಿಂತಿತು, ಊರು ಆಟಿಕೆಯಲ್ಲೇ ಉಳಿಯಿತು. ಇದನ್ನು ಮುದ್ದಾದ ಕಥೆ ಅಂದುಕೊಳ್ಳಬೇಡಿ. ಲಾಭ ವ್ಯಾಪಾರಿಗೆ, ಅಡುಗೆಮನೆ ಮೇಜಿನ ಮುಂದೆ ಕೂತು ಬಣ್ಣ ಹಚ್ಚುತ್ತಿದ್ದವರಲ್ಲಿ ಮಕ್ಕಳೂ ಇದ್ದರು.

ಒಂದೇ ಜಾಗಕ್ಕೆ ಸಮಯ ಇದ್ದರೆ ಬಯಲು ವಸ್ತುಸಂಗ್ರಹಾಲಯಕ್ಕೆ ಹೋಗಿ. ಹಳೆಯ ಮರದ ಮನೆಗಳ ನಡುವೆ 1760ರ ಸುಮಾರಿನ, ನೀರಿನಿಂದ ನಡೆಯುವ ಲೇತ್ ಮನೆ ಇದೆ. ಅಲ್ಲಿ ನೋಡಬೇಕಾದ್ದು ಉಂಗುರ ಕಡೆಯುವ ಕೆಲಸ. ಸ್ಪ್ರೂಸ್ ಮರದ ಹಸಿ ದಿಮ್ಮಿಯ ಬಿಲ್ಲೆಯನ್ನು ಲೇತ್‌ಗೆ ಹಾಕುತ್ತಾರೆ. ಉಳಿ ತಗುಲಿದರೆ ಉದ್ದುದ್ದ ಒದ್ದೆ ಸಿಪ್ಪೆ ಹಾರುತ್ತದೆ, ನಿಮ್ಮ ಕೋಟಿನ ಮೇಲೂ ಬೀಳುತ್ತದೆ. ಒಂದು ಪಕ್ಕ ಮುಗಿದ ಮೇಲೆ ಬಿಲ್ಲೆ ತಿರುಗಿಸಿ ಇನ್ನೊಂದು ಪಕ್ಕ. ಕೊನೆಗೆ ಉಳಿಯುವುದು ಏರುತಗ್ಗುಗಳ ಒಂದು ಬಳೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಚಾಕು ಇಟ್ಟು ಸುತ್ತಿಗೆಯಿಂದ ಒಂದೇಟು. ಬಳೆಯ ಒಂದು ಹೋಳು ಸೀಳಿ ಬಂತು. ಪಕ್ಕಕ್ಕೆ ತಿರುಗಿಸಿದರೆ ಹಸು! ಕಾಲು, ಬೆನ್ನು, ಮೂತಿ ಎಲ್ಲ ಇದೆ. ಕಡೆಯುವಾಗ ಆ ಹಸು ಕಡೆಯುವವನ ಕಣ್ಣಿಗೂ ಕಾಣುವುದಿಲ್ಲ, ಲೆಕ್ಕವೆಲ್ಲ ಕೈಯಲ್ಲೇ. ಕಿವಿ, ಕೊಂಬು ಆಮೇಲೆ ಅಂಟಿಸುತ್ತಾರೆ. ನಮ್ಮ ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೇ ಅರಗಿನ ಬಣ್ಣ ಒತ್ತುತ್ತಾರೆ. ಇಲ್ಲಿ ಬಣ್ಣ ಕೊನೆಗೆ, ಕುಂಚದಲ್ಲಿ. ಈ ವಿದ್ಯೆ ಬಲ್ಲವರು ಈಗ ಬೆರಳೆಣಿಕೆಯಷ್ಟು. ಪ್ರಾತ್ಯಕ್ಷಿಕೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಂಡು ಹೊರಡಿ.

ಎಂಟು ಮೂಲೆಯ ಚರ್ಚ್ 1779ರದ್ದು. ಐದು ನಿಮಿಷ ಸಾಕು. ಅದರ ಪುಟ್ಟ ಮಾದರಿಯನ್ನು ಪ್ರತಿ ಅಂಗಡಿಯಲ್ಲೂ ನೋಡುತ್ತೀರಿ.

ಡಿಸೆಂಬರ್‌ನಲ್ಲಿ ಕಿಟಕಿಗಳನ್ನು ಗಮನಿಸಿ. ದೀಪ ಹಿಡಿದ ಗಣಿ ಕೆಲಸಗಾರ ಮತ್ತು ದೇವತೆಯ ಗೊಂಬೆಗಳಿರುತ್ತವೆ. ಮನೆಯಲ್ಲಿ ಒಬ್ಬ ಮಗನಿಗೆ ಒಬ್ಬ ಗಣಿಗಾರ, ಒಬ್ಬ ಮಗಳಿಗೆ ಒಂದು ದೇವತೆ ಎಂಬುದು ಹಳೆಯ ರೂಢಿ. ಸಂಜೆ ಎಲ್ಲ ಕಿಟಕಿ ಬೆಳಗಿದಾಗ ಚಂದವೋ ಚಂದ. ಆದರೆ ಶನಿವಾರ, ಭಾನುವಾರ ಟೂರಿಸ್ಟ್ ಬಸ್ಸುಗಳು ಸಾಲುಗಟ್ಟುತ್ತವೆ, ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವೆ ಬೆಳಿಗ್ಗೆಯೇ ಹೋಗಿ.

ಕೈಯಲ್ಲಿ ಸ್ವಲ್ಪ ನಗದು ಇರಲಿ. ಸಸ್ಯಾಹಾರಿಗಳು ಆಲೂಗಡ್ಡೆ ಸೂಪ್ ಹೇಳುವ ಮೊದಲು ಒಳಗೆ ಸಾಸೇಜ್ ಇದೆಯಾ ಎಂದು ಕೇಳಿ. ಕ್ವಾರ್ಕ್‌ಕೊಯ್ಲ್‌ಖೆನ್ ಎಂಬ, ಆಲೂಗಡ್ಡೆ ಮತ್ತು ಗಟ್ಟಿ ಮೊಸರಿನಂಥ ಕ್ವಾರ್ಕ್ ಬೆರೆಸಿ ಕರಿದ ಸಿಹಿ ಬಿಲ್ಲೆ ಹೊಟ್ಟೆ ತುಂಬಿಸುತ್ತದೆ.

ಕೊಳ್ಳುವುದಾದರೆ ದೊಡ್ಡ ಸಿಪಾಯಿ ದುಬಾರಿ, ಸೂಟ್‌ಕೇಸಿಗೂ ಭಾರ. ಬೆಂಕಿಪೊಟ್ಟಣದೊಳಗೆ ಕೂರುವ ಪುಟಾಣಿ ಹಳ್ಳಿಗಳಿವೆ, ಅವು ಮನೆಗೆ ಒಯ್ಯಲು ಸರಿ. ಬಾಯಿಂದ ಹೊಗೆ ಬಿಡುವ ಗೊಂಬೆಗೆ ಹಾಕುವ ಧೂಪದ ಪೊಟ್ಟಣವೂ ಅಗ್ಗ. ನಾನು ಬಣ್ಣ ಹಚ್ಚದ ಒಂದು ಹಸು ತಂದೆ. ಬಸ್ಸಿನಲ್ಲಿ ಜೇಬಿಂದ ತೆಗೆದು ನೋಡಿದೆ: ಎರಡೂ ಪಕ್ಕ ಚಾಕು ಸೀಳಿದ ಗೆರೆ ಹಾಗೇ ಇತ್ತು, ಕಿವಿ ಇನ್ನೂ ಬಂದಿರಲಿಲ್ಲ.