ಎರಡೆಕರೆ ಹೊಲ, ಏಳು ವರ್ಷದ ಜಾಲಿ

ನಮ್ಮೂರು ಚಳ್ಳಕೆರೆ ಕಡೆ. ಕೆರೆ ಅಂಗಳಕ್ಕೆ ಹೊಂದಿಕೊಂಡ ಹಾಗೆ ನಮ್ಮದು ಎರಡೆಕರೆ ಹೊಲ. ನಾನು ಶಾಲೆಗೆ ಹೋಗುವಾಗ ಅಲ್ಲಿ ಶೇಂಗಾ ಹಾಕ್ತಿದ್ವಿ, ಅಕ್ಕಡಿ ಸಾಲಿಗೆ ತೊಗರಿ. ಆಮೇಲೆ ಮಳೆ ಕೈಕೊಟ್ಟಿತು, ನಾನು ಬೆಂಗಳೂರು ಸೇರಿದೆ, ಅಪ್ಪನ ಮಂಡಿನೋವು ಜಾಸ್ತಿಯಾಯಿತು. ಏಳು ವರ್ಷ ಆ ಹೊಲಕ್ಕೆ ನೇಗಿಲು ಬೀಳಲಿಲ್ಲ. ಹೋದ ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಹೋಗಿ ನೋಡಿದರೆ ಬದು ಎಲ್ಲಿದೆ ಅನ್ನೋದೇ ಗೊತ್ತಾಗಲಿಲ್ಲ, ಈ ತುದಿಯಿಂದ ಆ ತುದಿವರೆಗೆ ಬರೀ ಬಳ್ಳಾರಿ ಜಾಲಿ.

ಮಾರನೇ ದಿನ ಬೆಳಗ್ಗೆ ಆರಕ್ಕೇ ಮಚ್ಚು, ಕೊಡಲಿ, ಹಾರೆ, ಒಂದು ಕವೆಗೋಲು ಹಿಡಿದುಕೊಂಡು ಹೊರಟೆವು. ನಾನು, ಅಪ್ಪ, ಚಿಕ್ಕಪ್ಪ. ಕವೆಗೋಲಿಲ್ಲದೆ ಜಾಲಿ ಹತ್ತಿರ ಹೋಗೋಕಾಗಲ್ಲ. ಒಬ್ಬರು ಕವೆಯಲ್ಲಿ ಕೊಂಬೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬುಡಕ್ಕೆ ಹಾಕಬೇಕು. ಅರ್ಧ ಗಂಟೆಯೂ ಆಗಿರಲಿಲ್ಲ, ನನ್ನ ಚಪ್ಪಲಿ ತೂರಿಕೊಂಡು ಮುಳ್ಳು ಅಂಗಾಲಿಗೆ ಹೊಕ್ಕಿತು. ಎಳೆದರೆ ಮುಳ್ಳು ಬಂತು, ತುದಿ ಒಳಗೇ ಉಳಿಯಿತು. ಚಿಕ್ಕಪ್ಪ ಪಿನ್ನಿನಿಂದ ಮೇಲಿನ ಚರ್ಮ ಬಿಡಿಸಿ, ಉಗುರಲ್ಲಿ ಒತ್ತಿ, ಅಕ್ಕಿಕಾಳಿನಷ್ಟು ಕಪ್ಪು ಚೂರು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ಅಷ್ಟು ಚೂರಿಗೇ ಸಂಜೆ ಹೊತ್ತಿಗೆ ಪಾದ ಊದಿತ್ತು. ಕುರಿ ಕಾಯುವವರಿಗೆ ಇದು ದಿನಾ ಇದ್ದದ್ದೇ.

ಮರಗಳ ಕೆಳಗೆ ಒಂದು ಗರಿಕೆ ಇರಲಿಲ್ಲ. ನನಗೆ ಮುಳ್ಳಿಗಿಂತ ಜಾಸ್ತಿ ಬೇಜಾರಾಗಿದ್ದು ಅದಕ್ಕೆ. ನಾವು ದಸರಾದಲ್ಲಿ ಪೂಜೆ ಮಾಡುವ ಬನ್ನಿಯೂ ಇದಕ್ಕೆ ಹತ್ತಿರದ ನಂಟಿನ ಮರವೇ, ಆದರೆ ಬನ್ನಿ ಬುಡದಲ್ಲಿ ಬೆಳೆ ಬರುತ್ತೆ, ಹುಲ್ಲು ಬರುತ್ತೆ. ಇದರ ಕೆಳಗೆ ಏನೂ ಏಳಲ್ಲ. ಬೇರು ತುಂಬಾ ಆಳಕ್ಕೆ ಇಳಿದು ನೀರು ಹುಡುಕುತ್ತೆ, ಉದುರಿದ ಎಲೆಯೂ ಬೇರೆ ಬೀಜ ಮೊಳೆಯೋಕೆ ಬಿಡಲ್ಲ. ಹಸಿ ಸೊಪ್ಪನ್ನು ಆಡು ಕೂಡ ಮೂಸಿ ನೋಡಿ ಬಿಡುತ್ತೆ. ಮೂಲ ಅಮೆರಿಕ ಖಂಡದ ಕಡೆಯದು. ಒಣ ಸೀಮೆಗೆ ಸೌದೆ ಆಗಲಿ, ಬೋಳು ನೆಲ ಹಸಿರಾಗಲಿ ಅಂತ 1870ರ ದಶಕದಲ್ಲಿ ಬ್ರಿಟಿಷರು ಬೀಜ ತರಿಸಿ ಕಡಪ ಕಡೆ ಹಾಕಿಸಿದರು. ಅಲ್ಲಿಂದ ಹಬ್ಬಿದ್ದು ನಿಂತೇ ಇಲ್ಲ. ಗುಜರಾತಿನ ಕಚ್‌ನಲ್ಲಿ ಬನ್ನಿ ಅನ್ನೋ ಹೆಸರಿನ ದೊಡ್ಡ ಹುಲ್ಲುಗಾವಲನ್ನು ನುಂಗಿರುವುದೂ ಇದೇ ಜಾಲಿ.

ಹೇಗೆ ಹಬ್ಬುತ್ತೆ ಅಂತ ಅವತ್ತು ಕಣ್ಣಾರೆ ನೋಡಿದೆ. ಮೇ ತಿಂಗಳು ಅಂದರೆ ಕಾಯಿ ಹಣ್ಣಾಗಿ ಉದುರುವ ಕಾಲ. ಹಳದಿ ಕಾಯಿ, ಬಾಯಿಗೆ ಹಾಕಿದರೆ ಸಿಹಿ. ನಾವೂ ಚಿಕ್ಕವರಿದ್ದಾಗ ಚೀಪಿದ್ದೇವೆ ಅಲ್ವಾ. ದನ ಅದನ್ನು ಬಿಡಲ್ಲ. ಬದುವಿನ ಹತ್ತಿರ ಬಿದ್ದಿದ್ದ ಒಣ ಸಗಣಿಯನ್ನು ಅಪ್ಪ ಕೋಲಲ್ಲಿ ಒಡೆದ. ಒಳಗೆ ಜಾಲಿ ಬೀಜ, ಒಂದಲ್ಲ ಎರಡಲ್ಲ, ಎಣಿಸುತ್ತಾ ಹೋದರೆ ಇಪ್ಪತ್ಮೂರು. ಬೀಜಕ್ಕೆ ಏನೂ ಆಗಿರಲಿಲ್ಲ, ಮೇಲೆ ಗೊಬ್ಬರ ಬೇರೆ ಸಿಕ್ಕಿತ್ತು. "ಬಿತ್ತೋರು ಯಾರೂ ಬೇಡ ನೋಡು ಇದಕ್ಕೆ" ಅಂದ ಅಪ್ಪ.

ಆದರೂ ಈ ಮರವನ್ನು ಸುಮ್ನೆ ಬೈದು ಬಿಡೋಕೆ ನನಗೆ ಬಾಯಿ ಬರಲ್ಲ. ಗ್ಯಾಸ್ ಬರುವವರೆಗೆ ನಮ್ಮ ಮನೆ ಒಲೆ ಉರಿದದ್ದು ಇದರಿಂದಲೇ. ಜಾಲಿ ಸೌದೆ ಹಸಿ ಇದ್ದರೂ ಉರಿಯುತ್ತೆ, ಕೆಂಡ ಬಹಳ ಹೊತ್ತು ನಿಲ್ಲುತ್ತೆ, ಮುದ್ದೆ ಕೂಡಿಸೋಕೆ ಅಂಥ ಬೆಂಕಿ ಬೇರೆ ಇಲ್ಲ ಅಂತ ಅವ್ವ ಈಗಲೂ ಹೇಳ್ತಾಳೆ. ಬರ ಬಿದ್ದ ವರ್ಷ ಕೂಲಿ ಇಲ್ಲದಾಗ ಅವ್ವ ತಲೆ ಮೇಲೆ ಹೊರೆ ಹೊತ್ತು ಮಾರಿದ್ದಳು, ಆ ವರ್ಷ ನನ್ನ ನೋಟ್‌ಬುಕ್ಕು ಬಂದದ್ದು ಆ ದುಡ್ಡಲ್ಲಿ. ಹೊಲಕ್ಕೆ ಬೇಲಿ ಅಂದರೆ ಈ ಮುಳ್ಳೇ. ಇದರ ಹೂವಿಗೆ ಜೇನು ಬರುತ್ತೆ.

ಮಧ್ಯಾಹ್ನ ಇದ್ದಿಲು ಸುಡುವ ಗಂಡ ಹೆಂಡತಿ ಇಬ್ಬರು ಬಂದರು. ಕೆರೆ ಅಂಗಳದಲ್ಲಿ ಅವರ ಗೂಡು ಆಗಲೇ ಹೊಗೆಯಾಡುತ್ತಿತ್ತು. ದಿಮ್ಮಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಹುಲ್ಲು ಹೊದಿಸಿ, ಹಸಿಮಣ್ಣು ಮೆತ್ತಿ, ಬುಡದಲ್ಲಿ ತೂತು ಬಿಡುತ್ತಾರೆ. ಮೊದಲು ದಟ್ಟ ಬಿಳಿ ಹೊಗೆ. ಅದು ತೆಳ್ಳಗಾಗಿ ನೀಲಿಗೆ ತಿರುಗಿದರೆ ಬೆಂದಿದೆ ಅಂತ, ಆಗ ತೂತು ಮುಚ್ಚಬೇಕು. ಒಂದು ಗಳಿಗೆ ತಡವಾದರೆ ಎಲ್ಲಾ ಬೂದಿ. ಆಕೆ ರಾತ್ರಿಯೆಲ್ಲ ಎದ್ದು ಅದನ್ನೇ ನೋಡ್ತಿರ್ತಾಳಂತೆ, ಕಣ್ಣು ಕೆಂಡದ ಹಾಗಿದ್ದವು.

"ಸೌದೆ ನೀವೇ ತಗೊಳ್ಳಿ, ಆದ್ರೆ ಬುಡ ಕಿತ್ತು ಕೊಡ್ಬೇಕು" ಅಂತ ಅಪ್ಪ ಮೊದಲೇ ಹೇಳಿದ. ಹಿಂದೊಮ್ಮೆ ಒಬ್ಬ ಗುತ್ತಿಗೆದಾರ ದಪ್ಪ ಬೊಡ್ಡೆ ಮಾತ್ರ ಕಡಿದುಕೊಂಡು ಹೋಗಿ, ಮಳೆ ಬಿದ್ದ ಮೇಲೆ ಒಂದೊಂದು ಬುಡದಿಂದ ಎಂಟು ಹತ್ತು ಚಿಗುರು ಎದ್ದು ಮೊದಲಿಗಿಂತ ಕಷ್ಟವಾಗಿತ್ತು. ಇದನ್ನು ಕಡಿಯುವುದು ಅಂದರೆ ಬೆಳೆಸಿದ ಹಾಗೆ. ಇದ್ದಿಲು ಸುಡುವ ಆ ಮನುಷ್ಯ ಬುಡದ ಸುತ್ತ ಮೊಣಕಾಲುದ್ದ ತೋಡಿ ತೋರಿಸಿದ. ಚಿಗುರುವ ಗಂಟು ಅಲ್ಲಿರುತ್ತೆ, ಅದರ ಕೆಳಗೆ ಕತ್ತರಿಸಿದರೆ ಮತ್ತೆ ಏಳಲ್ಲ ಅಂದ. ಬುಡವೂ ಒಳ್ಳೆ ಇದ್ದಿಲಾಗುತ್ತೆ, ಹಾಗಾಗಿ ಅವನಿಗೂ ನಷ್ಟ ಇರಲಿಲ್ಲ. ದೊಡ್ಡ ಬುಡಗಳಿಗೆ ಎರಡು ದಿನ ಜೆಸಿಬಿ ಹೇಳಿದೆವು. ಬೇಲಿ ಸಾಲಿಗೂ ಒಂದು ಗಿಡ ಬಿಡೋದು ಬೇಡ ಅಂತ ನಾನು ಹಟ ಮಾಡಿದೆ. ಅಪ್ಪನಿಗೆ ಮನಸ್ಸಿರಲಿಲ್ಲ, ಕೊನೆಗೆ ಒಪ್ಪಿದ. ಹೊಲದಲ್ಲಿ, ಕೆರೆಯಲ್ಲಿ ಇದು ಬೇಡವೇ ಬೇಡ, ಇರುವಷ್ಟನ್ನು ಬುಡಸಮೇತ ತೆಗೆದು ಒಲೆಗೋ ಇದ್ದಿಲಿಗೋ ಬಳಸಿ ಮುಗಿಸಬೇಕು ಅನ್ನೋದು ನನ್ನ ಮಾತು.

ಜೂನ್‌ನಲ್ಲಿ ಎರಡು ಹದ ಮಳೆ ಆದ ಮೇಲೆ ಮತ್ತೆ ಹೋದೆ. ದನ ಮಲಗುತ್ತಿದ್ದ ಜಾಗದಲ್ಲೆಲ್ಲ ಬೆರಳುದ್ದ ಜಾಲಿ ಸಸಿ, ಎಳೆ ಹಸಿರು, ಮುಳ್ಳಿನ್ನೂ ಗಟ್ಟಿಯಾಗಿರಲಿಲ್ಲ. ಹಸಿ ಮಣ್ಣಲ್ಲಿ ಎರಡು ಬೆರಳಲ್ಲಿ ಹಿಡಿದೆಳೆದರೆ ಬೇರು ಸಮೇತ ಬರ್ತಿತ್ತು. ನಾನು, ಅವ್ವ ಸಾಲು ಹಿಡಿದು ಕೂತು ಕೀಳುತ್ತಾ ಹೋದೆವು, ಅಪ್ಪ ಹಿಂದಿನಿಂದ ಶೇಂಗಾ ಬಿತ್ತನೆಗೆ ಕೂರಿಗೆ ಹೂಡಿಸಿಕೊಂಡು ಬಂದ.