ಅಕ್ಕಿ ಹೆಚ್ಚಿದೆ

2024ರ ಮಾರ್ಚ್. ತಿಪಟೂರಿನ ಅಜ್ಜಿ ಮನೆಯಲ್ಲಿ ಅಕ್ಕನ ಮಗುವಿಗೆ ನಾಮಕರಣ. ದಿನಸಿ ತರೋ ಕೆಲಸ ನನ್ನದು. ಬೆಂಗಳೂರಿಂದ ಹೊರಡೋ ಮುಂಚೆ ಫೋನ್ ಮಾಡಿ ಏನೇನು ಬೇಕು ಅಂತ ಕೇಳಿದೆ. ಅಜ್ಜಿ ಬೇಳೆ, ಬೆಲ್ಲ, ಬಾಳೆ ಎಲೆ ಎಲ್ಲಾ ಹೇಳಿ, ಕೊನೆಗೆ "ಅಕ್ಕಿ ಹೆಚ್ಚಿದೆ ಕಣೋ, ನೋಡ್ಕೋ" ಅಂದಳು. ಸದ್ಯ, 25 ಕೆಜಿ ಮೂಟೆ ಹೊರೋದು ತಪ್ಪಿತು ಅಂತ ಪಟ್ಟಿಯಲ್ಲಿ ಅಕ್ಕಿಯನ್ನ ಹೊಡೆದುಹಾಕಿದೆ.

ಅನ್ನ ಬಿಸಿಬಿಸಿ ಇರಲಿ ಅಂತ ಕೊನೆಗೆ ಮಾಡೋದಲ್ವಾ? ಹಾಗಾಗಿ ಹನ್ನೊಂದೂವರೆವರೆಗೂ ಯಾರೂ ಅಕ್ಕಿ ಡಬ್ಬ ಮುಟ್ಟಿರಲಿಲ್ಲ. ಅಡುಗೆ ಭಟ್ಟರು ಮುಚ್ಚಳ ತೆಗೆದು ಸೇರು ಇಳಿಬಿಟ್ಟರು. ಅದು ಡಬ್ಬದ ತಳ ಕೆರೆದ ಸದ್ದು ನಡುಮನೆಗೆ ಕೇಳಿಸಿತು. ಗೋರಿ ಗೋರಿ ಅಳೆದರೆ ಮೂರು ಸೇರು. ಬರೋರು ಅರವತ್ತು ಜನ.

"ಇದು ಸಾಲಲ್ಲ ಸ್ವಾಮಿ" ಅಂದರು ಭಟ್ಟರು.

ನಾನು ಅಜ್ಜಿ ಕಡೆ ನೋಡಿದೆ. ಅಜ್ಜಿ ನನ್ನ ಕಡೆ ನೋಡಿದಳು. "ಹೆಚ್ಚಿದೆ ಅಂತ ಹೇಳಿದ್ನಲ್ಲೋ!"

ಆಗ ನೆನಪಾಯಿತು. ಬಳೆ ಒಡೆದರೆ ಅಜ್ಜಿ ಯಾವತ್ತೂ ಒಡೆಯಿತು ಅಂದವಳಲ್ಲ, ಬಳೆ ಹೆಚ್ಚಿತು ಅಂತಾಳೆ. ಹೊರಟವರು ಹೋಗ್ತೀನಿ ಅಂದರೆ, ಹೋಗಿ ಬರ್ತೀನಿ ಅನ್ನೋವರೆಗೂ ಬಿಡಲ್ಲ. ಇನ್ನು ಮನೆಯಲ್ಲಿ ಅಕ್ಕಿ ಇಲ್ಲ ಅಂತ ಬಾಯಿಬಿಟ್ಟು ಹೇಳ್ತಾಳಾ? ನಲವತ್ತು ವರ್ಷದ ನನಗೆ ಇಷ್ಟು ಹೊಳೆಯಬಾರದಾ!

ಸ್ಕೂಟರ್ ಹತ್ತಿ ಓಡಿದೆ. ಹತ್ತಿರದ ಅಂಗಡಿ ಮುಚ್ಚಿತ್ತು. ಪೇಟೆಗೆ ಹೋಗಿ ಮೂಟೆ ಹೊತ್ತು ತರೋ ಹೊತ್ತಿಗೆ ಮೊದಲ ಪಂಕ್ತಿ ಕೂತಾಗಿತ್ತು. ಮೂರು ಸೇರಿನ ಅನ್ನದಲ್ಲಿ ಮೂವತ್ತು ಎಲೆ. ಭಟ್ಟರು ಬಡಿಸೋ ಹುಡುಗರ ಕಿವಿಯಲ್ಲಿ "ಕೈ ಹಿಡಿದು ಬಡಿಸ್ರೋ" ಅಂದರು. ಕೋಸಂಬರಿ, ಪಲ್ಯ ಎರಡೆರಡು ಸಲ ಬಂತು. ಅನ್ನ ಕೇಳಿದವರಿಗೆ "ಬಂತು, ಬಂತು, ಬಿಸಿ ಅನ್ನ ಬರ್ತಾ ಇದೆ". ಖಾಲಿ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಆದರೆ ಒಳಗೆ ದೊಡ್ಡಪ್ಪ "ಅಕ್ಕಿ ಕಮ್ಮಿ ಬಿತ್ತಂತೆ, ಯಾರು ತಂದಿದ್ದು?" ಅಂತ ವಿಚಾರಣೆ ಶುರು ಮಾಡಿದ್ದರು. ಸಾಲಲ್ಲ ಅಂದರೆ ಲೆಕ್ಕ. ಕಮ್ಮಿ ಬಿತ್ತು ಅಂದರೆ ಮಾತ್ರ ಯಾರದೋ ತಪ್ಪು. ನನ್ನದೇ, ಇನ್ಯಾರದು?

ಎರಡನೇ ಪಂಕ್ತಿಯಲ್ಲಿ ನಾನೂ ಕೂತೆ. ಪಕ್ಕದವರು ಬೆಂಗಳೂರಿನ ನೀರಿನ ಮಾತು ತೆಗೆದರು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದ್ದ ತಿಂಗಳು ಅದು. ಪೇಪರಿನವರು ನೀರಿನ ಅಭಾವ ಅಂತಿದ್ದರು. ನಮ್ಮ ಬೀದಿಯಲ್ಲಿ ಟ್ಯಾಂಕರ್ ಕಾಯೋರು ನೀರಿಗೆ ತತ್ವಾರ ಅಂತಿದ್ದರು. ನಲ್ಲಿ ಒಣಗಿದ್ದಾಗಲೂ ಸರಬರಾಜಿನಲ್ಲಿ ವ್ಯತ್ಯಯ ಅನ್ನೋ ಪ್ರಕಟಣೆಗಿಂತ ನಮ್ಮಜ್ಜಿ ಮಾತೇ ವಾಸಿ ಅನ್ನಿಸಿತು. "ನೀರು ಹೆಚ್ಚಿದೆ" ಅಂದಿದ್ದರೆ ಕನಿಷ್ಠ ನಗುವಾದರೂ ಬರ್ತಿತ್ತು.

ಸಂಜೆ ಹೊತ್ತಿಗೆ ಅರ್ಧ ಹಂಡೆ ಅನ್ನ ಮಿಕ್ಕಿತ್ತು. ಮೂಟೆಯಲ್ಲಿ ಅಕ್ಕಿಯೂ ಬೇಕಾದಷ್ಟಿತ್ತು.

"ಅಲ್ಲಜ್ಜೀ, ಹಾಗಾದ್ರೆ ನಿಜವಾಗ್ಲೂ ಜಾಸ್ತಿ ಇದ್ದಾಗ ಏನಂತೀಯ?"

ಅಜ್ಜಿ ಮೂಟೆ ಬಾಯಿಗೆ ದಾರ ಬಿಗಿಯುತ್ತಾ ಅಂದಳು. "ಏನೂ ಅನ್ನಲ್ಲ. ಸುಮ್ನಿರ್ತೀನಿ. ಕಣ್ಣು ಬೀಳಲ್ವಾ?"