ಅಷ್ಟೊಂದು ಖಾಲಿ ಜಾಗ ಇದೆ, ಗಿಡ ನೆಡಬಾರದಾ?

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿಗೆ ಹಕ್ಕಿ ನೋಡಲು ಹೋಗುತ್ತೇನೆ ಅಂತ ಬಾಯಿ ಬಿಟ್ಟರೆ ಸಾಕು, ಈ ಪ್ರಶ್ನೆ ಗ್ಯಾರಂಟಿ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದರು. ಅವತ್ತು ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ: ನೆಡಬಾರದು.

ಕಾರಣ ಬೇಕಾದವರು ಮುಂದೆ ಓದಿ.

ಮೊದಲನೆಯದಾಗಿ, ಜಾಗ ಖಾಲಿ ಇಲ್ಲ. ಕಾರಿನ ಕಿಟಕಿಯಿಂದ ನೋಡಿದವರಿಗೆ ಹಾಗೆ ಕಾಣುತ್ತದೆ, ಯಾಕೆಂದರೆ ಅಲ್ಲಿನ ನಿವಾಸಿಗಳೆಲ್ಲ ನಿಮ್ಮ ಮೊಣಕಾಲಿಗಿಂತ ಕೆಳಗೆ ವಾಸ. ನೆಲಗುಬ್ಬಿ ಹುಲ್ಲಿನ ಬುಡದಲ್ಲೇ ಬಟ್ಟಲಿನಷ್ಟು ಗುಂಡಿ ಮಾಡಿ ಮೊಟ್ಟೆ ಇಡುತ್ತದೆ. ಗೌಜಲಹಕ್ಕಿಯದೂ ನೆಲದ ಸಂಸಾರವೇ. ಮೊಲ, ನರಿ, ಹಾವು ಇವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಹಕ್ಕಿಗಳು ಬರುತ್ತವೆ. ಇಡೀ ದಿನ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತ ಇಲಿ, ಮಿಡತೆ ಹುಡುಕುತ್ತವೆ. ರಾತ್ರಿ ಮಲಗುವುದೂ ಹುಲ್ಲಿನೊಳಗೆ, ನೆಲದ ಮೇಲೆಯೇ. ಅಷ್ಟು ದೊಡ್ಡ ಹದ್ದಿನ ಜಾತಿಯ ಹಕ್ಕಿಗೆ ಮರ ಬೇಡ ಅಂದರೆ ಯಾರೂ ನಂಬುವುದಿಲ್ಲ.

ಇಂಥ ಕಡೆ ಸಾಲಾಗಿ ಮರ ಬೆಳೆಸಿದರೆ ಏನಾಗುತ್ತದೆ? ಬಿಸಿಲು ಬೇಡುವ ಹುಲ್ಲು ನೆರಳಲ್ಲಿ ಸೊರಗುತ್ತದೆ. ಕೊಂಬೆಯ ಮೇಲೆ ಕಾಗೆ ಕೂತು ಯಾವ ಗೂಡಲ್ಲಿ ಮೊಟ್ಟೆ ಇದೆ ಅಂತ ಆರಾಮಾಗಿ ಪಟ್ಟಿ ಮಾಡಿಕೊಳ್ಳುತ್ತದೆ. ನೀಲಗಿರಿ ತೋಪಿನೊಳಗೆ ಒಮ್ಮೆ ನಡೆದು ನೋಡಿ, ಕಾಲಡಿ ಒಣ ಎಲೆ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಲ್ಲಿಸಿತು. ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಈಚಲು, ಜಾಲಿ, ಬಂದರಿಕೆ, ತಂಗಡಿ ಇದ್ದೇ ಇವೆ. ಅವನ್ನು ಯಾರೂ ಟೀ ಶರ್ಟ್ ಹಾಕಿಕೊಂಡು ಬಂದು ನೆಟ್ಟದ್ದಲ್ಲ.

ಟೀ ಶರ್ಟ್ ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಒಂದು ಪರಿಸರ ದಿನಾಚರಣೆಯ ಬೆಳಿಗ್ಗೆ ಎರಡು ಬಸ್ಸು ತುಂಬ ಜನ ಬಂದಿಳಿದರು. ಎಲ್ಲರ ಎದೆಯ ಮೇಲೂ ಒಂದೊಂದು ಹಸಿರು ಎಲೆ. ಬ್ಯಾನರ್, ಇಡ್ಲಿ ವಡೆ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹೊಂಗೆ, ಬೇವು, ಗುಲ್‌ಮೊಹರ್ ಸಸಿಗಳು. ಗುಂಡಿ ತೋಡಲು ಶುರು ಮಾಡಿದ್ದೇ ತಡ, ಜೋಡಿ ಟಿಟ್ಟಿಭ ಹಕ್ಕಿಗಳು ಅವರ ತಲೆಯ ಮೇಲೇ ಎರಗಿ ಎರಗಿ ಕಿರುಚತೊಡಗಿದವು. ಟಿಟ್ಟಿಭ ಬರೀ ಬೆಣಚುಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ, ಬಣ್ಣವೂ ಕಲ್ಲಿನದೇ, ತುಳಿದರೂ ಗೊತ್ತಾಗುವುದಿಲ್ಲ. ಒಬ್ಬ ಹೆಣ್ಣುಮಗಳು ಮೊಬೈಲ್ ಮೇಲೆತ್ತಿ ವಿಡಿಯೋ ಮಾಡುತ್ತ, 'ನೋಡಿ ಸರ್, ಪಕ್ಷಿಗಳೂ ನಮಗೆ ಥ್ಯಾಂಕ್ಸ್ ಹೇಳ್ತಿವೆ' ಅಂದಳು.

ಅವು ಹೇಳುತ್ತಿದ್ದದ್ದನ್ನು ಕನ್ನಡದಲ್ಲಿ ಬರೆದರೆ ಈ ಬ್ಲಾಗು ಮುಚ್ಚಬೇಕಾಗುತ್ತದೆ.

ಗುಂಡಿ ಇಲ್ಲಿ ಬೇಡ ಅಂದೆ. ಮುಖಂಡರು ಬಂದು, 'ನಿಮಗೆ ಗಿಡ ಕಂಡರೆ ಯಾಕ್ ಸರ್ ಇಷ್ಟು ಕೋಪ?' ಅಂದರು. ನನಗೆ! ನಮ್ಮ ಮನೆ ಮುಂದೆ ಹೊಂಗೆ ಮರ ಇದೆ, ಬೆಳಿಗ್ಗೆ ಅದರ ಎಲೆ ಗುಡಿಸುವವನೂ ನಾನೇ. ಮರಕ್ಕೆ ಅದರದೇ ಜಾಗ ಇದೆ, ಹುಲ್ಲಿಗೂ ಇದೆ ಅನ್ನುವುದನ್ನು ಎಷ್ಟು ಮೆತ್ತಗೆ ಹೇಳಿದರೂ ಮರದ್ರೋಹಿಯ ಪಟ್ಟ ತಪ್ಪುವುದಿಲ್ಲ. 'ಮರ ಇಲ್ಲದಿದ್ರೆ ನೀರು ಎಲ್ಲಿಂದ ಬರುತ್ತೆ?' ಅಂತಲೂ ಕೇಳಿದರು. ಪಕ್ಕದಲ್ಲೇ ಅರ್ಕಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಕೆರೆ ಇದೆ, 1894ರಲ್ಲಿ ಬೆಂಗಳೂರಿಗೆ ನೀರು ಕೊಡಲೆಂದು ಕಟ್ಟಿದ್ದು. ಸುತ್ತಲಿನ ಬಯಲಿನ ಮಳೆನೀರನ್ನು ತಡೆದು, ಇಂಗಿಸಿ, ಮಣ್ಣು ಕೊಚ್ಚಿಹೋಗಿ ಕೆರೆಯಲ್ಲಿ ಹೂಳಾಗದಂತೆ ಹಿಡಿದಿಡುವುದು ಇದೇ ಹುಲ್ಲಿನ ಬೇರು.

ಸರಿ, ಕೋಪ ಸಾಕು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಅಲ್ಲಿ ಹಸು ಮೇಯಿಸುವ ಹಿರಿಯರೊಬ್ಬರು ಕೇಳಿದ್ದರು: 'ಅದೇನೋ ಮೀಸಲು ಮಾಡ್ತಾರಂತಲ್ಲ ಸ್ವಾಮಿ, ನಮ್ ಹಸ ಎಲ್ಲಿ ಮೇಯ್ಬೇಕು?'

ಇದು ಪ್ರಶ್ನೆ. ಇಂಥ ಭಯ ಸುತ್ತಲಿನ ಹಳ್ಳಿಗಳಲ್ಲಿ ಇದ್ದೇ ಇತ್ತು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಈ ಹುಲ್ಲುಗಾವಲನ್ನು ಮೀಸಲು ಮಾಡುವ ಪ್ರಸ್ತಾವನೆಯನ್ನು ತಿರಸ್ಕರಿಸಿತ್ತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಇದು ಅಭಯಾರಣ್ಯದಂಥದ್ದಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ ಬಗೆ. ಸರ್ಕಾರಿ ಜಮೀನಿಗೆ ಮಾತ್ರ ಅನ್ವಯ, ರೈತರ ಪಹಣಿಗೆ ಕೈ ಹಾಕುವುದಿಲ್ಲ. ಮೀಸಲು ಯಾವ್ಯಾವ ಗ್ರಾಮ ಪಂಚಾಯಿತಿಗೆ ಸೇರುತ್ತದೋ ಅಲ್ಲಿಂದೆಲ್ಲ ಒಬ್ಬೊಬ್ಬ ಪ್ರತಿನಿಧಿ ನಿರ್ವಹಣಾ ಸಮಿತಿಯಲ್ಲಿ ಇರಲೇಬೇಕು, ಪಶುಸಂಗೋಪನೆ ಇಲಾಖೆಯವರೂ ಇರಬೇಕು ಅನ್ನುತ್ತದೆ ಕಾಯ್ದೆ.

ಹುಲ್ಲುಗಾವಲಿಗೆ ದನ ಶತ್ರುವೂ ಅಲ್ಲ. ಮೇಯುವ ಬಾಯೇ ಇಲ್ಲದಿದ್ದರೆ ಲಾಂಟಾನ, ಬಂದರಿಕೆ ಏರಿ ಬರುತ್ತವೆ. ಮಿತಿಮೀರಿ ಮೇಯ್ದರೆ ನೆಲ ಬೋಳಾಗುತ್ತದೆ. ಹಾಗಾದರೆ ಎಷ್ಟು ದನ, ಯಾವ ತಿಂಗಳು, ಮೊಟ್ಟೆ ಇಡುವ ಕಾಲದಲ್ಲಿ ಯಾವ ಮಗ್ಗುಲು ಬಿಡಬೇಕು? ಇದನ್ನು ಕೇಳಿ, ಇಡೀ ಸಂಜೆ ಮಾತಾಡೋಣ, ಕಾಫಿ ನನ್ನದು.

ಆ ಹಿರಿಯರಿಗೆ ಸಮಿತಿಯ ವಿಷಯ ಹೇಳಿದಾಗ, 'ಮೀಟಿಂಗ್ ಆದ್ರೆ ನಮಗೆ ಯಾರು ಹೇಳ್ತಾರೆ?' ಅಂದರು. ಪಂಚಾಯ್ತಿ ಮೆಂಬರ್‌ನ ಬಿಡಬೇಡಿ, ದಿನಾ ಕೇಳ್ತಾ ಇರಿ ಅಂದೆ. ಬೈನಾಕ್ಯುಲರ್ ನೇತುಹಾಕಿಕೊಂಡ ನಮ್ಮಂಥವರು ಹಿಂದಿನ ಸಾಲಲ್ಲಿ ಕೂತರೆ ನಡೆಯುತ್ತದೆ. ಯಾವ ದಿಬ್ಬದ ಹಿಂದೆ ನರಿ ಮರಿ ಹಾಕಿದೆ ಅಂತ ಪ್ರತಿ ಸಲ ನಮಗೆ ತೋರಿಸುವವರು ಅವರೇ.